ಏರ್ ಶೋ ದಿನಗಳಲ್ಲಿ ದ್ರಾಕ್ಷಿ ತೋಟದಿಂದ ಹ್ಯಾಮ್ ಸ್ಟೇಷನ್ ನಡೆಸುವುದು ಹೇಗೆ

ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಏರೋ ಇಂಡಿಯಾ ಏರ್ ಶೋ ನಡೆಯುತ್ತಿದೆ. ಎರಡು ವರ್ಷಕ್ಕೊಮ್ಮೆ, ಈಚೆಗೆ ಫೆಬ್ರವರಿ ತಿಂಗಳಲ್ಲೇ. ಆ ದಿನಗಳಿಗೆ ಅಂತಲೇ ಒಂದು ವಿಶೇಷ ಕಾಲ್‌ಸೈನ್ ತೆಗೆದುಕೊಂಡು ಹ್ಯಾಮ್ ರೇಡಿಯೋ ಸ್ಟೇಷನ್ ಇಡಬೇಕು ಅನ್ನುವವರಿಗೆ ಈ ಬರಹ. ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು, ಕಾಲ್‌ಸೈನ್ ಅಂದರೆ ರೇಡಿಯೋದಲ್ಲಿ ಅವರ ಗುರುತಿನ ಹೆಸರು. ನಾನು ಚಿಕ್ಕಬಳ್ಳಾಪುರದಲ್ಲಿ ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಅಂಗಡಿ ನಡೆಸುತ್ತೇನೆ. ಸಂಜೆ ಮೇಲೆ ಅದೇ ಬೆಂಚಿನ ಮೇಲೆ ಆಂಟೆನಾ, ಬಾಲನ್ (ಆಂಟೆನಾಗೂ ಕೇಬಲ್‌ಗೂ ನಡುವೆ ಹಾಕುವ ಟ್ರಾನ್ಸ್‌ಫಾರ್ಮರ್) ಕೆಲಸ. ನಮ್ಮ ಕಡೆಯ ಹ್ಯಾಮ್‌ಗಳು ಸೇರಿ ಇಂಥ ಸ್ಟೇಷನ್ ಇಡುವಾಗ ಏನೇನು ನೋಡಿಕೊಳ್ಳುತ್ತೇವೋ ಅದನ್ನೇ ಇಲ್ಲಿ ಬರೆದಿದ್ದೇನೆ.

ನಾವು ಎಲ್ಲವನ್ನೂ ತೀರ್ಮಾನಿಸುವುದು ಒಂದೇ ಮಾತಿನ ಮೇಲೆ. ಆಕಾಶದಲ್ಲಿ ಹಾರುವವರಿಗೆ ನಮ್ಮಿಂದ ಚೂರೂ ತೊಂದರೆ ಆಗಬಾರದು, ರೇಡಿಯೋದಲ್ಲಿ ಕರೆದವರು ಯಾರೂ ಬರಿಗೈಯಲ್ಲಿ ಹೋಗಬಾರದು.

ಜಾಗ

ವಾಯುನೆಲೆಯ ಬೇಲಿ ಪಕ್ಕದಲ್ಲೇ ಸ್ಟೇಷನ್ ಇಡಬೇಕು ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅಲ್ಲಿ ಭದ್ರತೆ ಬಿಗಿ, ಗಾಡಿ ನಿಲ್ಲಿಸಲು ಜಾಗ ಇಲ್ಲ, ರಾಡಾರ್, ಜನರೇಟರ್, ಸಾವಿರಾರು ಮೊಬೈಲ್. ದೂರದ ದೇಶಗಳು ಸಿಗುವ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡ್‌ನಲ್ಲಿ ಗದ್ದಲ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪೈಲಟ್‌ಗಳು ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ಒಳಗೆ. ನಮ್ಮ 15 ಮೀಟರ್ ಬ್ಯಾಂಡ್‌ನ (ಬ್ಯಾಂಡ್‌ಗಳ ಹೆಸರು ಅಲೆಯ ಉದ್ದದಿಂದ ಬಂದದ್ದು) 21.2 ಮೆಗಾಹರ್ಟ್ಸ್ ಅನ್ನು ಆರರಿಂದ ಗುಣಿಸಿ ನೋಡಿ: 127.2. ನೆಟ್ಟಗೆ ಅವರ ಬ್ಯಾಂಡ್ ಮಧ್ಯಕ್ಕೇ ಬೀಳುತ್ತದೆ. ಒಳ್ಳೆ ಕಂಪನಿ ರೇಡಿಯೋದಲ್ಲಿ ಹೀಗೆ ಎರಡು, ಮೂರು, ಆರು ಪಟ್ಟು ಫ್ರೀಕ್ವೆನ್ಸಿಯಲ್ಲಿ ಸೋರುವ ಸಿಗ್ನಲ್, ಅಂದರೆ ಹಾರ್ಮೋನಿಕ್, ತಡೆಯುವ ಫಿಲ್ಟರ್ ಒಳಗೇ ಇರುತ್ತದೆ. ಮನೆಯಲ್ಲಿ ಮಾಡಿದ ರೇಡಿಯೋ, ಪರೀಕ್ಷೆ ಮಾಡಿಸದ ಆಂಪ್ಲಿಫೈಯರ್ ಇವನ್ನು ಆ ದಿನಗಳಲ್ಲಿ ಪೆಟ್ಟಿಗೆಯಲ್ಲೇ ಇಡಿ. ರೇಡಿಯೋ ಮತ್ತು ಆಂಟೆನಾ ನಡುವೆ ಮೇಲಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಒಂದು ಲೋ ಪಾಸ್ ಫಿಲ್ಟರ್ ಹಾಕಿದರೆ ಇನ್ನೂ ನೆಮ್ಮದಿ.

ಹಾಗಾಗಿ ನಾವು ಉತ್ತರಕ್ಕೆ 30–40 ಕಿಲೋಮೀಟರ್ ದೂರ ಬಂದುಬಿಡುತ್ತೇವೆ. ರಾಷ್ಟ್ರೀಯ ಹೆದ್ದಾರಿ 44 ಬಿಟ್ಟು ಒಳಗೆ ಬಂದರೆ ನಂದಿ, ಮುದ್ದೇನಹಳ್ಳಿ ಕಡೆ ತೋಟಗಳು. ಪರಿಚಯದ ರೈತರೊಬ್ಬರ ದ್ರಾಕ್ಷಿ ತೋಟ, ಪಕ್ಕದಲ್ಲಿ ಖಾಲಿ ಬಿಟ್ಟ ಒಂದು ಎಕರೆ, ನೆರಳಿಗೆ ಹುಣಸೆ ಮರ. ಇಷ್ಟಿದ್ದರೆ ಸಾಕು. ನಂದಿ ಬೆಟ್ಟದ ಮೇಲೆ ಯಾಕೆ ಇಡಬಾರದು ಅಂತ ಕೇಳುತ್ತಾರೆ. 1478 ಮೀಟರ್ ಎತ್ತರ, ನೇರ ದಾರಿಯಲ್ಲೇ ಹೋಗುವ ವಿಎಚ್‌ಎಫ್ ಅಲೆಗೆ ಅದು ಒಳ್ಳೆಯದೇ. ಆದರೆ ಎಚ್‌ಎಫ್‌ನಲ್ಲಿ ನಮ್ಮ ಅಲೆ ಮೇಲಿನ ಅಯಾನುಗೋಳಕ್ಕೆ ಹೋಗಿ ತಿರುಗಿ ಬರುತ್ತದೆ. ಅದಕ್ಕೆ ಬೆಟ್ಟ ಬೇಕಾಗಿಲ್ಲ. ಮೇಲೆ ಹೋದರೆ ಪ್ರವಾಸಿಗಳ ಗುಂಪು, ಕೇಬಲ್ ಕಿತ್ತು ಓಡುವ ಕೋತಿಗಳು. ಅನುಮತಿಗೂ ಓಡಾಡಬೇಕು.

ತೋಟದಲ್ಲಿ ಮೊದಲು ತಲೆ ಎತ್ತಿ ನೋಡಬೇಕಾದದ್ದು ಕರೆಂಟಿನ ಲೈನ್. ನಮ್ಮ ಹೊಲಗಳ ಮೇಲೆ 11 ಕೆವಿ ಲೈನ್ ಎಲ್ಲೆಲ್ಲೋ ಹಾದುಹೋಗಿರುತ್ತದೆ. ಕಂಬ ಯಾವ ಕಡೆ ಬಿದ್ದರೂ ಲೈನ್ ಮುಟ್ಟಬಾರದು. ಕಂಬದ ಎತ್ತರದ ಎರಡರಷ್ಟಾದರೂ ದೂರ ಇಡಿ. ಆಂಟೆನಾ ವೈರ್ ಲೈನ್ ಕೆಳಗೆ ಕೂಡ ಹಾದುಹೋಗಬಾರದು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಕರೆಂಟ್ ಹೋದಾಗ ಕಟ್ಟಿಬಿಡೋಣ ಅನ್ನುವವರನ್ನು ಹಗ್ಗದ ಹತ್ತಿರ ಬಿಡಬೇಡಿ.

ಗಾಳಿಪಟ ಅಥವಾ ಬಲೂನ್‌ಗೆ ಆಂಟೆನಾ ಕಟ್ಟಿ ಮೇಲೆ ಬಿಡುವ ಆಟ ಬೇರೆ ದಿನಗಳಲ್ಲಿ ಬೇರೆ ಕಡೆ ಆಡಬಹುದು. ಏರ್ ಶೋ ದಿನಗಳಲ್ಲಿ ಈ ಭಾಗದಲ್ಲಿ ಖಂಡಿತ ಬೇಡ. ಡ್ರೋನ್ ಕೂಡ ಬೇಡ. ದೇವನಹಳ್ಳಿಯ ವಿಮಾನ ನಿಲ್ದಾಣವೂ ಹತ್ತಿರದಲ್ಲೇ ಇದೆ, ಅಲ್ವಾ? ಎತ್ತರದ ಮಾಸ್ಟ್ ಹಾಕುವ ಆಲೋಚನೆ ಇದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಬಣ್ಣದ ನಕ್ಷೆ ನೋಡಿ. ಯಾವ ಜಾಗದಲ್ಲಿ ಎಷ್ಟು ಎತ್ತರಕ್ಕೆ ಅವಕಾಶ ಅಂತ ಅದರಲ್ಲಿ ತೋರಿಸಿರುತ್ತಾರೆ. ನಾವು ಮರದ ಎತ್ತರ ದಾಟುವುದೇ ಇಲ್ಲ.

ಕಾಗದ ಪತ್ರ

ವಿಶೇಷ ಕಾಲ್‌ಸೈನ್ ಕೊಡುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಕಾರ್ಯಕ್ರಮದ ದಿನಾಂಕ ಗೊತ್ತಾದ ಕೂಡಲೇ ಹಾಕಿ, ತಿಂಗಳುಗಟ್ಟಲೆ ಮುಂಚೆ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಜಾಗ, ಯಾರ್‍ಯಾರು ಆಪರೇಟರ್‌ಗಳು, ಇವೆಲ್ಲ ಸ್ಪಷ್ಟವಾಗಿ ಬರೆಯಿರಿ. ಮನೆ ವಿಳಾಸದ ಲೈಸೆನ್ಸ್ ಇಟ್ಟುಕೊಂಡು ತೋಟದಲ್ಲಿ ಸ್ಟೇಷನ್ ಇಡುತ್ತಿದ್ದೀರಿ ಅನ್ನುವುದು ಅರ್ಜಿಯಲ್ಲೇ ಗೊತ್ತಾಗಬೇಕು. ಅನುಮತಿ ಕೈಗೆ ಬರುವ ತನಕ ಕಾಲ್‌ಸೈನ್ ಪ್ರಚಾರ ಮಾಡಬೇಡಿ, ಸಂಪರ್ಕ ಆದದ್ದಕ್ಕೆ ಗುರುತಾಗಿ ಕಳಿಸುವ ಕ್ಯುಎಸ್‌ಎಲ್ ಕಾರ್ಡ್ ಪ್ರಿಂಟ್ ಮಾಡಿಸಬೇಡಿ.

ಅನುಮತಿ ಪತ್ರದ ಒಂದು ಪ್ರತಿಯನ್ನು ಹತ್ತಿರದ ಪೊಲೀಸ್ ಠಾಣೆಗೆ ನೀವೇ ಹೋಗಿ ಕೊಟ್ಟು ಬನ್ನಿ. ಏರ್ ಶೋ ಸಮಯದಲ್ಲಿ ತೋಟದ ನಡುವೆ ವೈರ್ ಎಳೆದು ಮೈಕ್ ಹಿಡಿದು ಇಂಗ್ಲಿಷ್‌ನಲ್ಲಿ ಅಕ್ಷರ ಹೇಳುತ್ತಾ ಕೂತಿದ್ದರೆ ಊರಿನವರಿಗೆ ಅನುಮಾನ ಬರುವುದು ಸಹಜ. ಠಾಣೆಯಲ್ಲಿ ಮೊದಲೇ ಗೊತ್ತಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತದೆ. ಇನ್ನೊಂದು ಪ್ರತಿ ಮೇಜಿನ ಮೇಲೆ, ಎಲ್ಲ ಆಪರೇಟರ್‌ಗಳ ಲೈಸೆನ್ಸ್ ಜೊತೆಗೆ.

ಪೈಲಟ್‌ಗಳ ಮಾತು ಕೇಳಿಸೋಣ ಅಂತ ಯಾರಾದರೂ ಸ್ಕ್ಯಾನರ್ ತಂದರೆ ಬೇಡ ಅನ್ನಿ. ನಮ್ಮ ಲೈಸೆನ್ಸ್ ಇರುವುದು ನಮ್ಮ ಬ್ಯಾಂಡ್‌ಗಳಿಗೆ.

ಆಂಟೆನಾ, ಮತ್ತು ದ್ರಾಕ್ಷಿ ಚಪ್ಪರದ ಕಥೆ

ನಮ್ಮ ಕಡೆ ದ್ರಾಕ್ಷಿ ತೋಟ ಅಂದರೆ ಸಾಲು ಸಾಲು ಕಲ್ಲು ಕಂಬ, ಅದರ ಮೇಲೆ ಜಿಐ ವೈರ್ ಹೆಣೆದ ಚಪ್ಪರ. ಕಣ್ಣಿಗೆ ಚೆಂದ. ಆದರೆ ರೇಡಿಯೋಗೆ ಅದು ಆಳೆತ್ತರದಲ್ಲಿ ಹರಡಿದ ಕಬ್ಬಿಣದ ಬಲೆ. ಅದರ ಮೇಲೆ ಡೈಪೋಲ್ (ನಡುವಿನಿಂದ ಎರಡು ಕಡೆಗೆ ಎಳೆದ ವೈರ್ ಆಂಟೆನಾ) ಎಳೆದರೆ ಆಂಟೆನಾದ ಅಳತೆ ತಪ್ಪುತ್ತದೆ, ಎಸ್‌ಡಬ್ಲ್ಯುಆರ್ ಏರುತ್ತದೆ, ಅಂದರೆ ಶಕ್ತಿ ಆಂಟೆನಾಗೆ ಪೂರ್ತಿ ಹೋಗದೆ ವಾಪಸ್ ಬರುತ್ತದೆ. ಪಂಪ್ ಮನೆಯ ಗದ್ದಲವನ್ನು ಆ ವೈರ್‌ಗಳು ಹೊತ್ತು ತಂದು ನಮ್ಮ ರಿಸೀವರ್‌ಗೆ ಸುರಿಯುತ್ತವೆ. ತುಕ್ಕು ಹಿಡಿದ ಗಂಟುಗಳು ಇನ್ನೊಂದು ತಲೆನೋವು. ಅವು ಸಣ್ಣ ಡಯೋಡ್‌ಗಳ ಥರ ವರ್ತಿಸಿ ಇಲ್ಲದ ಸಿಗ್ನಲ್ ಹುಟ್ಟಿಸುತ್ತವೆ. ಆದ್ದರಿಂದ ಚಪ್ಪರದಿಂದ ಕನಿಷ್ಠ 20 ಮೀಟರ್ ದೂರ, ಖಾಲಿ ಹೊಲದಲ್ಲಿ ಆಂಟೆನಾ ಹಾಕಿ. ಆದಷ್ಟು ಚಪ್ಪರದ ಸಾಲಿಗೆ ಅಡ್ಡವಾಗಿ ವೈರ್ ಬರಲಿ.

ಅಳತೆಗೆ ಸುಲಭದ ಲೆಕ್ಕ: 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲ್‌ನ ಪೂರ್ತಿ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20.1 ಮೀಟರ್, ಅಂದರೆ ಒಂದು ಕೈ 10 ಮೀಟರ್ ಚಿಲ್ಲರೆ. 14.2ಕ್ಕೆ ಒಂದು ಕೈ 5 ಮೀಟರ್. ಕಟ್ ಮಾಡುವಾಗ ಒಂದು ಗೇಣು ಜಾಸ್ತಿಯೇ ಬಿಟ್ಟು, ಮೇಲೇರಿಸಿ ಅಳೆದು, ಆಮೇಲೆ ಮಡಚುತ್ತಾ ಬನ್ನಿ. 40 ಮೀಟರ್ ಬ್ಯಾಂಡ್‌ನ ಡೈಪೋಲ್ 15 ಮೀಟರ್‌ನಲ್ಲೂ ಕೆಲಸ ಮಾಡುತ್ತದೆ, ಯಾಕೆಂದರೆ 21 ಅನ್ನುವುದು 7ರ ಮೂರು ಪಟ್ಟು. ಒಂದು ವೈರ್‌ನಲ್ಲಿ ಎರಡು ಬ್ಯಾಂಡ್.

ವೈರ್ ಬಗ್ಗೆ ನನ್ನ ಕಸುಬಿನಿಂದ ಒಂದು ಮಾತು. ವೈಂಡಿಂಗ್‌ಗೆ ಬಳಸುವ ಎನಾಮಲ್ ತಂತಿ ಮೆತ್ತಗಿನ ತಾಮ್ರ. ಗಾಳಿಗೆ ಎಳೆದೆಳೆದು ಉದ್ದವಾಗುತ್ತದೆ, ಫ್ರೀಕ್ವೆನ್ಸಿ ಕೆಳಗೆ ಜಾರುತ್ತದೆ. ವಾರದ ಸ್ಟೇಷನ್‌ಗೆ ಪಿವಿಸಿ ಹೊದಿಕೆಯ ಮಲ್ಟಿಸ್ಟ್ರಾಂಡ್ ವೈರ್ ಸಾಕು. ಮನೆ ವೈರಿಂಗ್‌ಗೆ ಹಾಕುವ 1.5 ಚದರ ಮಿಲಿಮೀಟರ್‌ದು. ನಡುವಿನ ಕಂಬಕ್ಕೆ ಕಟ್ಟಡದವರು ಸಾರ್ವೆಗೆ ಬಳಸುವ ಸರ್ವೆ ಮರ ಅಥವಾ ಉದ್ದದ ಬಿದಿರು, ಎಂಟು ಒಂಬತ್ತು ಮೀಟರ್. ಮೂರು ಕಡೆ ನೈಲಾನ್ ಹಗ್ಗ. ಹಗ್ಗಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿ, ಕತ್ತಲಲ್ಲಿ ಯಾರೂ ಎಡವಬಾರದು. ವೈರ್‌ನ ತುದಿಗಳು ಇಳಿಜಾರಾಗಿ ಬಂದರೂ ಮೂರು ಮೀಟರ್‌ಗಿಂತ ಕೆಳಗೆ ಬರದಿರಲಿ. ಟ್ರಾನ್ಸ್‌ಮಿಟ್ ಆಗುವಾಗ ತುದಿ ಮುಟ್ಟಿದರೆ ಸುಡುತ್ತದೆ, ಮಕ್ಕಳು ಓಡಾಡುವ ಜಾಗ ಬೇರೆ. ಫೀಡ್ ಪಾಯಿಂಟ್‌ನಲ್ಲಿ, ಅಂದರೆ ಕೇಬಲ್ ಆಂಟೆನಾಗೆ ಸೇರುವಲ್ಲಿ, ಕೋಆಕ್ಸ್ ಕೇಬಲನ್ನು ದೊಡ್ಡ ಫೆರೈಟ್ ರಿಂಗ್ ಮೇಲೆ ಹತ್ತು ಸುತ್ತು ಸುತ್ತಿ ಚೋಕ್ ಮಾಡಿ. ಗದ್ದಲ ಗಣನೀಯವಾಗಿ ಇಳಿಯುತ್ತದೆ.

ಪಂಪ್ ಸ್ಟಾರ್ಟರ್, ಸೋಲಾರ್ ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್. ಗದ್ದಲ ಹುಟ್ಟಿಸುವವರು ಇವರೇ. ಹಿಂದಿನ ದಿನವೇ ರೇಡಿಯೋ ಆನ್ ಮಾಡಿಕೊಂಡು ಒಂದೊಂದೇ ಸ್ವಿಚ್ ಆಫ್ ಮಾಡಿ ಪತ್ತೆ ಹಚ್ಚಿ. ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಅಂತ ತೋಟದವರನ್ನು ಕೇಳಿಟ್ಟುಕೊಳ್ಳಿ. ಅವರು ನೀರು ಹಾಯಿಸುವ ಹೊತ್ತನ್ನು ನಮಗೋಸ್ಕರ ಬದಲಿಸಿ ಅನ್ನಬಾರದು. ಆ ಹೊತ್ತಿಗೆ ನಾವೇ ಊಟಕ್ಕೆ ಏಳುತ್ತೇವೆ.

ಬ್ಯಾಟರಿ

ಸ್ಟೇಷನ್ ಪೂರ್ತಿ ಬ್ಯಾಟರಿ ಮೇಲೆ ನಡೆಯಲಿ. 100 ವ್ಯಾಟ್ ರೇಡಿಯೋ ಪೂರ್ತಿ ಶಕ್ತಿಯಲ್ಲಿ 20 ಆಂಪಿಯರ್ ಎಳೆಯುತ್ತದೆ, ಸುಮ್ನೆ ಕೇಳುತ್ತಿದ್ದರೆ ಒಂದು ಆಂಪಿಯರ್ ಆಸುಪಾಸು. ಮಾತಿನಲ್ಲಿ ಸರಾಸರಿ ಅದರ ನಡುವೆ ಎಲ್ಲೋ ಇರುತ್ತದೆ. 100 ಎಎಚ್‌ನ ಎರಡು ಬ್ಯಾಟರಿ ಇಟ್ಟುಕೊಂಡು, ಒಂದು ಅರ್ಧ ಇಳಿದ ಕೂಡಲೇ ಇನ್ನೊಂದಕ್ಕೆ ಬದಲಿಸಿ. ಲೈಸೆನ್ಸ್‌ನಲ್ಲಿ ಎಷ್ಟು ಶಕ್ತಿಗೆ ಅನುಮತಿ ಇದೆಯೋ ಅದಕ್ಕಿಂತ ಮೇಲೆ ಹೋಗಬೇಡಿ. 50 ವ್ಯಾಟ್‌ನಲ್ಲೂ ಪ್ರಪಂಚ ಸಿಗುತ್ತದೆ. ಕೇಬಲ್ ದಪ್ಪ ಇರಲಿ, ಉದ್ದ ಕಮ್ಮಿ ಇರಲಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಹೆಚ್ಚಿನ ರೇಡಿಯೋಗಳು 13.8 ವೋಲ್ಟ್‌ನ ಲೆಕ್ಕದಲ್ಲಿ ಮಾಡಿದವು. ಟ್ರಾನ್ಸ್‌ಮಿಟ್ ಮಾಡುವಾಗ 11.7ಕ್ಕಿಂತ ಕೆಳಗಿಳಿದರೆ ಧ್ವನಿ ಒಡೆಯುತ್ತದೆ. ಆಚೆಯವರು ನಿಮ್ಮ ಮೈಕ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಯಾವ ಹೊತ್ತಿಗೆ ಯಾವ ಬ್ಯಾಂಡ್

ಬೆಳಗ್ಗೆ ಆರರಿಂದ ಒಂಬತ್ತು 40 ಮೀಟರ್. ಕರ್ನಾಟಕ, ತಮಿಳುನಾಡು, ಆಂಧ್ರ, ಕೇರಳದ ಹ್ಯಾಮ್‌ಗಳು ಆಗ ಇರುತ್ತಾರೆ. ಕನ್ನಡದಲ್ಲೇ ಮಾತಾಡಿ, ಯಾರಿಗೂ ಅಡ್ಡಿ ಇಲ್ಲ. ಬಿಸಿಲೇರಿದ ಮೇಲೆ 15 ಮತ್ತು 10 ಮೀಟರ್‌ಗೆ ಹೋದರೆ ಪೂರ್ವದ ಕಡೆಯವರು, ಜಪಾನ್, ಇಂಡೋನೇಷ್ಯಾ. ಮಧ್ಯಾಹ್ನದಿಂದ ಯುರೋಪ್ ತೆರೆಯುತ್ತದೆ. ಸಂಜೆ 20 ಮೀಟರ್ ಬಿಟ್ಟು ಏಳಬೇಡಿ, ಜಾಸ್ತಿ ಕರೆಗಳು ಬರುವುದು ಆಗಲೇ. ಸೂರ್ಯನ ಚಟುವಟಿಕೆ ಇಳಿಮುಖವಾದ ವರ್ಷಗಳಲ್ಲಿ 10 ಮೀಟರ್ ಕೈಕೊಡಬಹುದು, 20 ಹಾಗಲ್ಲ.

ಮೈಕ್ ಒತ್ತುವ ಮುಂಚೆ ಕೇಳಿ. ಆಮೇಲೆ ಈ ಫ್ರೀಕ್ವೆನ್ಸಿ ಯಾರಾದರೂ ಬಳಸುತ್ತಿದ್ದೀರಾ ಅಂತ ಎರಡು ಸಲ ವಿಚಾರಿಸಿ. 14.100ರಲ್ಲಿ ಪ್ರಪಂಚದ ಬೀಕನ್‌ಗಳಿವೆ (ಬ್ಯಾಂಡ್ ತೆರೆದಿದೆಯೇ ಅಂತ ತಿಳಿಯಲು ತಾವಾಗೇ ಸಿಗ್ನಲ್ ಕಳಿಸುವ ಸ್ಟೇಷನ್‌ಗಳು), ಅಲ್ಲಿ ಮೌನ. 14.300 ತುರ್ತು ಸಂದರ್ಭಕ್ಕೆ ಮೀಸಲಿಟ್ಟ ಕೇಂದ್ರ, ಅದನ್ನೂ ಬಿಡಿ. ಏರ್ ಶೋ ಅಂತ ನಮಗೆ ವಿಶೇಷ ಹಕ್ಕೇನೂ ಬರುವುದಿಲ್ಲ.

ಕರೆದವರನ್ನು ನಡೆಸಿಕೊಳ್ಳುವ ಬಗೆ

ವಿಶೇಷ ಕಾಲ್‌ಸೈನ್ ಕೇಳಿದ ಕೂಡಲೇ ಹತ್ತಾರು ಜನ ಒಟ್ಟಿಗೆ ಕರೆಯುತ್ತಾರೆ. ಇದಕ್ಕೆ ಪೈಲ್‌ಅಪ್ ಅನ್ನುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಿದ ಹಾಗೆ ನಡೆಸಬೇಕು: ಯಾರನ್ನೂ ದಾಟಬಾರದು, ಒಬ್ಬರ ಎಲೆ ಮುಂದೆ ನಿಂತು ಹರಟೆ ಹೊಡೆಯಬಾರದು. ಕೇಳಿಸಿದ ಎರಡು ಅಕ್ಷರ ಹಿಡಿದು ಅವರನ್ನು ಮಾತ್ರ ಕರೆಯಿರಿ, ಪೂರ್ತಿ ಕಾಲ್‌ಸೈನ್ ಸಿಗುವ ತನಕ ಬೇರೆಯವರಿಗೆ ಹೋಗಬೇಡಿ. ಸಿಗ್ನಲ್ ವರದಿ, ಹೆಸರು, ಜಾಗ, ಒಂದು ಸಾಲು ಸುದ್ದಿ, ಧನ್ಯವಾದ. ಪ್ರತಿ ಸಂಪರ್ಕದ ಕೊನೆಗೆ ನಮ್ಮ ಕಾಲ್‌ಸೈನ್ ಹೇಳಲೇಬೇಕು. ಹೇಳದೆ ಓಡಿಸುವವರು ಇದ್ದಾರೆ, ಅದು ನನಗೆ ಚೂರೂ ಹಿಡಿಸುವುದಿಲ್ಲ. ಈಗ ತಾನೇ ಬಂದವರಿಗೆ ಯಾರನ್ನು ಕೇಳುತ್ತಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ. ಶಕ್ತಿ ಕಮ್ಮಿ ಇರುವವರಿಗೆ ಆಗಾಗ ಬೇರೆ ಅವಕಾಶ ಕೊಡಿ: ಗಟ್ಟಿ ಸಿಗ್ನಲ್‌ನವರು ಸ್ವಲ್ಪ ಕಾಯಿರಿ, ಮೆಲ್ಲಗೆ ಕೇಳುವವರು ಕರೆಯಲಿ ಅನ್ನಿ. ಜನ ಕೇಳುತ್ತಾರೆ.

ಆ ಒಂದು ಸಾಲು ಸುದ್ದಿಯಲ್ಲೇ ಏರ್ ಶೋ ಸ್ಟೇಷನ್‌ನ ಜೀವ ಇರುವುದು. ಬರೀ ‘59, ಥ್ಯಾಂಕ್ಯೂ’ (59 ಅಂದರೆ ಸಿಗ್ನಲ್ ಸ್ಪಷ್ಟ, ಗಟ್ಟಿ) ಅಂತ ಮುಗಿಸಿದರೆ ಮಾಮೂಲಿ ಕಾಂಟೆಸ್ಟ್‌ಗೂ ನಮಗೂ ಏನು ವ್ಯತ್ಯಾಸ? ನಾವು ಒಂದು ರಟ್ಟಿನ ಮೇಲೆ ಸುದ್ದಿಗಳನ್ನು ಬರೆದು ಆಪರೇಟರ್ ಎದುರು ನಿಲ್ಲಿಸುತ್ತೇವೆ. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಲ್ಲೇ. ಎಚ್‌ಎಎಲ್ ಶುರುವಾದದ್ದು 1940ರಲ್ಲಿ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಕೈಜೋಡಿಸಿ. ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ, ಆಗ ಕಿರಣ್ ವಿಮಾನ, ಈಗ ಹಾಕ್, ಒಂಬತ್ತು ಒಟ್ಟಿಗೆ. ಸಾರಂಗ್ ತಂಡದ್ದು ಧ್ರುವ ಹೆಲಿಕಾಪ್ಟರ್. ನಾವು ಕೂತಿರುವುದು ವಿಶ್ವೇಶ್ವರಯ್ಯನವರು ಹುಟ್ಟಿದ ಊರಿನ ಆಸುಪಾಸಿನಲ್ಲಿ. ಸುತ್ತ ಇರುವುದು ಬೆಂಗಳೂರು ಬ್ಲೂ ದ್ರಾಕ್ಷಿ. ನಕ್ಷೆಯಲ್ಲಿ ಜಾಗ ಹೇಳಲು ಹ್ಯಾಮ್‌ಗಳು ಬಳಸುವ ಗ್ರಿಡ್ ಲೊಕೇಟರ್ ಎಂಕೆ 83. ಇಷ್ಟರಲ್ಲಿ ಯಾವುದಾದರೂ ಒಂದನ್ನು ಹೇಳಿ. ಜಪಾನಿನವರಿಗೆ ಒಂದು, ಇಟಲಿಯವರಿಗೆ ಇನ್ನೊಂದು. ಪೈಲಟ್ ಆಗಿದ್ದವರು, ವಿಮಾನ ರಿಪೇರಿ ಮಾಡುತ್ತಿದ್ದವರು ಕರೆಯುವುದು ಉಂಟು. ಅವರಿಗೆ ಅರ್ಧ ನಿಮಿಷ ಜಾಸ್ತಿ ಕೊಡಿ, ಸಾಲಿನಲ್ಲಿ ಕಾಯುವವರೂ ಅದನ್ನು ಕಿವಿಗೊಟ್ಟು ಕೇಳುತ್ತಾರೆ. ಯಲಹಂಕದ ಸುತ್ತ ಆ ದಿನಗಳಲ್ಲಿ ಮಾಂಸದ ಅಂಗಡಿಗಳನ್ನು ಮುಚ್ಚಿಸುತ್ತಾರೆ, ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದು ಅಂತ. ಈ ಸುದ್ದಿ ಕೇಳಿ ಮತ್ತೆ ಪ್ರಶ್ನೆ ಕೇಳದೆ ಬಿಟ್ಟವರು ಕಮ್ಮಿ.

ಸೇನೆಗೆ ಸಂಬಂಧಿಸಿದ ಮಾತಿನಲ್ಲಿ ಪತ್ರಿಕೆಯಲ್ಲಿ ಬಂದದ್ದಷ್ಟೇ ಹೇಳಬೇಕು. ಯಾವ ವಿಮಾನ ಎಷ್ಟು ಹೊತ್ತಿಗೆ ಎಲ್ಲಿಂದ ಹೊರಟಿತು ಅಂತ ನೇರ ವರದಿ ಬೇಡವೇ ಬೇಡ.

ಲಾಗ್ (ಸಂಪರ್ಕಗಳ ದಾಖಲೆ) ಬರೆಯುವವರು ಬೇರೆ ಇರಲಿ. ನನ್ನ ಪಕ್ಕದಲ್ಲಿ ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಕೂರುತ್ತಾಳೆ. “ಮಾವ, ಕೊನೆ ಅಕ್ಷರ ಬಿ ಅಲ್ಲ, ಡಿ” ಅಂತ ಅವಳು ತಿದ್ದಿದ ಮೇಲೆ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ. ಸಮಯ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆಯಬೇಕು. ಮೇಜಿನ ಮೇಲೆ ಯುಟಿಸಿಗೆ ಹೊಂದಿಸಿದ ಒಂದು ಗಡಿಯಾರ ಬೇರೆಯೇ ಇಡಿ. ಬೆಳಗಿನ ಐದೂವರೆಗೆ ತಾರೀಖು ಬದಲಾಗುತ್ತದೆ ಅನ್ನುವುದನ್ನು ಮರೆಯಬೇಡಿ. ಎರಡು ಗಂಟೆಗೊಮ್ಮೆ ಆಪರೇಟರ್ ಬದಲಾಗಲಿ. ಗಂಟಲು ಕಟ್ಟಿದವರಿಗೆ ಕಿವಿಯೂ ಮಂದವಾಗಿರುತ್ತದೆ.

ಮಕ್ಕಳು ಬಂದಾಗ

ಸುತ್ತಲಿನ ಶಾಲೆಗಳಿಗೆ ಮೊದಲೇ ಹೇಳಿ ಕಳಿಸಿ. ಲೈಸೆನ್ಸ್ ಇಲ್ಲದವರು ಮೈಕ್ ಹಿಡಿದು ಮಾತಾಡುವಂತಿಲ್ಲ, ಇದನ್ನು ಶಿಕ್ಷಕರಿಗೆ ಮುಂಚೆಯೇ ತಿಳಿಸಿ. ಹಾಗಂತ ಸುಮ್ಮನೆ ಕೂರಿಸಬೇಕಾಗಿಲ್ಲ. ಒಂದು ಸ್ಪೀಕರ್ ಹೊರಗಿಡಿ. ಪಕ್ಕದಲ್ಲಿ ಪ್ರಪಂಚದ ನಕ್ಷೆ, ಕರೆ ಬಂದ ದೇಶಕ್ಕೆ ಮಕ್ಕಳೇ ಪಿನ್ ಚುಚ್ಚಲಿ. ಬ್ಯಾಟರಿ, ಬಜರ್, ಮೋರ್ಸ್ ಕೀ ಸೇರಿಸಿದ ಪೆಟ್ಟಿಗೆ ಒಂದು, ಅದರಲ್ಲಿ ಅವರ ಹೆಸರು ಬಾರಿಸಲಿ.

ವಿಮಾನಕ್ಕೂ ನಮಗೂ ಇರುವ ನಂಟನ್ನು ಅವರಿಗೆ ತೋರಿಸಲು ನನಗೆ ತುಂಬಾ ಇಷ್ಟ. ಭಾರತದ ಪ್ರಯಾಣಿಕರ ವಿಮಾನದ ಮೈಮೇಲೆ ‘ವಿಟಿ’ ಅಂತ ಬರೆದಿರುತ್ತದೆ. ನಮ್ಮ ಹ್ಯಾಮ್ ಕಾಲ್‌ಸೈನ್ ‘ವಿಯು’ ಅಂತ ಶುರು. ಎರಡೂ ಒಂದೇ ಸಾಲಿನವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಭಾರತಕ್ಕೆ ಕೊಟ್ಟಿರುವುದು ವಿಟಿಎಯಿಂದ ವಿಡಬ್ಲ್ಯುಝಡ್ ತನಕದ ಅಕ್ಷರಗಳು, ಜೊತೆಗೆ ಎಟಿಎಯಿಂದ ಎಡಬ್ಲ್ಯುಝಡ್, 8ಟಿಎಯಿಂದ 8ವೈಝಡ್. ವಿಶೇಷ ಕಾಲ್‌ಸೈನ್‌ಗಳಲ್ಲಿ ಎಟಿ, ಎಯು ಕಾಣುವುದು ಇದರಿಂದಲೇ. ಪೈಲಟ್ ಹೇಳುವ ಆಲ್ಫಾ, ಬ್ರಾವೋ, ಚಾರ್ಲಿ ನಾವು ಹೇಳುವುದೂ ಅದೇ. ಪೈಲಟ್ ಗಾಳಿಯ ಒತ್ತಡ ಕೇಳಲು ಕ್ಯುಎನ್‌ಎಚ್ ಅನ್ನುತ್ತಾನೆ, ನಾನು ಜಾಗ ಕೇಳಲು ಕ್ಯುಟಿಎಚ್ ಅನ್ನುತ್ತೇನೆ. ಎರಡೂ ಹಳೆಯ ತಂತಿ ಕಾಲದ ಕ್ಯು ಕೋಡ್‌ಗಳೇ. ಇದನ್ನು ಹೇಳಿದ ಮೇಲೆ ಪ್ರತಿ ಮಗುವಿಗೂ ಅದರ ಹೆಸರನ್ನು ಪೈಲಟ್ ಥರ ಬಿಡಿಸಿ ಹೇಳಲು ಕಲಿಸಿ. ಮನೆಗೆ ಹೋಗುವ ತನಕ ಅದನ್ನೇ ಹೇಳಿಕೊಳ್ಳುತ್ತಾ ಹೋಗುತ್ತಾರೆ.

ಹನ್ನೆರಡು ವರ್ಷ ತುಂಬಿದವರು ಹ್ಯಾಮ್ ಲೈಸೆನ್ಸ್‌ನ ಪರೀಕ್ಷೆ ಬರೆಯಬಹುದು. ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಕಿಲ್ಲ, ಜನರಲ್‌ಗೆ ನಿಮಿಷಕ್ಕೆ ಎಂಟು ಪದದ ವೇಗ ಬೇಕು. ಆಸಕ್ತಿ ತೋರಿಸಿದ ಮಕ್ಕಳ ಶಿಕ್ಷಕರ ನಂಬರ್ ಬರೆದಿಟ್ಟುಕೊಂಡು, ಮುಂದಿನ ವಾರವೇ ಫೋನ್ ಮಾಡಿ. ತಡವಾದರೆ ಬಿಸಿ ಆರಿಹೋಗುತ್ತದೆ.

ಮುಗಿದ ಮೇಲೆ

ಕಂಬ ಇಳಿಸಿದ ಮೇಲೆ ಹೊಲವನ್ನು ಸಾಲು ಹಿಡಿದು ನಡೆದು ನೋಡಿ. ಒಂದು ತುಂಡು ನೈಲಾನ್ ಹಗ್ಗ, ಒಂದು ಗೂಟ ಉಳಿದರೂ ನಾಳೆ ಟಿಲ್ಲರ್‌ಗೆ ಸುತ್ತಿಕೊಳ್ಳುತ್ತದೆ.

ಲಾಗನ್ನು ಅದೇ ರಾತ್ರಿ ಎರಡು ಕಡೆ ನಕಲು ಮಾಡಿಡಿ. ಸಂಪರ್ಕಗಳನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಎಲ್‌ಒಟಿಡಬ್ಲ್ಯುಗೆ ವಿಶೇಷ ಕಾಲ್‌ಸೈನ್‌ನ ಸರ್ಟಿಫಿಕೇಟ್ ಕೇಳುವಾಗ ಶುರು ಮತ್ತು ಕೊನೆ ದಿನಾಂಕ ಅನುಮತಿ ಪತ್ರದಲ್ಲಿ ಇರುವ ಹಾಗೇ ಹಾಕಿ. ಕಾಗದದ ಕ್ಯುಎಸ್‌ಎಲ್ ಕಾರ್ಡ್ 14 ಸೆಂಟಿಮೀಟರ್ ಉದ್ದ, 9 ಅಗಲ. ಕಾರ್ಡ್ ವಿಂಗಡಿಸಿ ಕಳಿಸುವ ಬ್ಯೂರೋ ಡಬ್ಬಗಳಲ್ಲಿ ಕೂರುವುದು ಈ ಅಳತೆಯೇ. ಚಿತ್ರಕ್ಕೆ ವಾಯುನೆಲೆಯ ಒಳಗಿನ ಫೋಟೋ ಬೇಡ. ನಂದಿ ಬೆಟ್ಟ, ಮುಂದೆ ದ್ರಾಕ್ಷಿ ಗೊಂಚಲು, ಮೇಲೆ ಕೈಯಲ್ಲಿ ಬರೆದ ಒಂದು ವಿಮಾನ. ನಮ್ಮ ಊರಿನ ಗುರುತು ಅದರಲ್ಲೇ ಇದೆ. ಕಾರ್ಡ್ ಕೇಳಿದವರಿಗೆಲ್ಲ ಕಳಿಸಿ, ವರ್ಷ ಕಳೆದು ಕೇಳಿದರೂ ಕಳಿಸಿ. ಟ್ರಾನ್ಸ್‌ಮಿಟರ್ ಇಲ್ಲದೆ ಬರೀ ಕೇಳುವ ಹವ್ಯಾಸಿಗಳೂ ಇದ್ದಾರೆ. ಅವರು ನಮ್ಮನ್ನು ಯಾರ ಜೊತೆ, ಎಷ್ಟು ಹೊತ್ತಿಗೆ ಕೇಳಿಸಿಕೊಂಡರು ಅಂತ ಬರೆದು ಕಳಿಸುತ್ತಾರೆ. ಲಾಗ್ ತೆಗೆದು ಹೊತ್ತು ತಾಳೆ ನೋಡಿ, ಅವರಿಗೂ ಒಂದು ಕಾರ್ಡ್ ಹಾಕಿ.